ಏಳನೇ ಮೇಜಿನ ಕಾರ್ಡುಗಳು

೨೦೨೫ರ ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬಟ್ಟೆ ಒಗೆದು ಇಸ್ತ್ರಿ ಮಾಡಿ ಕಳಿಸುವ ಆ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿ ಗಡಿಯಾರ ಮೇಷ್ಟ್ರು ಏಳನೇ ಮೇಜಿನ ಹಿಂದೆ ನಿಂತು ಸ್ಟಾಪ್‌ವಾಚ್ ಒತ್ತಿದರು.

ಹಿಂದೆ ನಿಲ್ಲುವುದು ಅವರ ಪದ್ಧತಿ. ಎದುರು ನಿಂತರೆ ಕೆಲಸ ಮಾಡುವವರಿಗೆ ಗಾಬರಿಯಾಗಿ ಕೈ ಓಡುತ್ತದೆ, ಅಳತೆ ಸುಳ್ಳಾಗುತ್ತದೆ ಎಂಬುದು ಅವರ ತರ್ಕ. ಭೌತಶಾಸ್ತ್ರದಲ್ಲಿ ಪದವಿ ಪಡೆದು, ಎರಡು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಆ ಶಾಲೆ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಇಪ್ಪತ್ತಾರು ವರ್ಷವಾದರೂ ಮೇಷ್ಟ್ರು ಅನ್ನುವ ಹೆಸರು ಅವರನ್ನು ಬಿಟ್ಟಿರಲಿಲ್ಲ. ಯಾರು ಒಂದು ಶರ್ಟಿಗೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾರೆ ಎಂದು ಅಳೆದು ಕಾರ್ಡಿನಲ್ಲಿ ಬರೆಯುವುದು ಅವರ ಕೆಲಸ.

ಏಳನೇ ಮೇಜು ದೊಡ್ಡಕ್ಕನದು. ವಯಸ್ಸು ಐವತ್ತನಾಲ್ಕು, ವಿಭಾಗದ ನಲವತ್ತು ಮಂದಿಯಲ್ಲಿ ಅವರೇ ಹಿರಿಯರು. ಶರ್ಟು ಹರಡಿದರು, ಕಾಲರ್ ಎಳೆದರು, ಇಸ್ತ್ರಿಪೆಟ್ಟಿಗೆ ಆಡಿಸಿದರು. ಎಡಗಾಲಿನಿಂದ ಪೆಡಲ್ ಒತ್ತಿದರೆ ಮೇಜು ಹಬೆಯನ್ನೆಲ್ಲ ಒಳಗೆಳೆದುಕೊಂಡು ಬಟ್ಟೆ ಒಣಗುತ್ತದೆ. ಆ ಎಡಗಾಲನ್ನು ಅವರು ಸೊಂಟದಿಂದಲೇ ಎತ್ತಿ ಪೆಡಲ್ ಮೇಲೆ ಇಟ್ಟರು. ಆಮೇಲೆ ಶರ್ಟನ್ನು ಹ್ಯಾಂಗರಿಗೆ ಹಾಕಿ ನಾಲ್ಕು ಹೆಜ್ಜೆ ಆಚೆಯ ಕಂಬಿಗೆ ತೂಗುಹಾಕಿ ಬಂದರು. ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಕೇಳುತ್ತಿತ್ತು.

ನೂರಮೂವತ್ತೆರಡು ಸೆಕೆಂಡು. ಆಗಬೇಕಾದದ್ದು ತೊಂಬತ್ತು.

"ಏನ್ ಮೇಷ್ಟ್ರೇ, ದೊಡ್ಡಕ್ಕ ಒಂದು ಶರ್ಟು ಮುಗಿಸೋ ಹೊತ್ತಿಗೆ ಅದನ್ನ ಹಾಕ್ಕೊಳ್ಳೋನಿಗೆ ವಯಸ್ಸಾಗಿರುತ್ತೆ ಅಲ್ವಾ?" ಎಂದಳು ಎಂಟನೇ ಮೇಜಿನವಳು. ಎಲ್ಲರೂ ಅವಳನ್ನು ಮಾತಿನಮಲ್ಲಿ ಎನ್ನುತ್ತಿದ್ದರು.

"ನಿನ್ನ ಬಾಯಿಗೆ ಗಡಿಯಾರ ಹಿಡಿದ್ರೆ ನಿಂಗೇ ಬಹುಮಾನ ಕಣೇ" ಎಂದು ದೊಡ್ಡಕ್ಕ ನಕ್ಕರು. ನಗುವಿನ ಕೊನೆಯಲ್ಲಿ ಒಂದು ಉಸಿರು ಬಿಟ್ಟರು.

ಮೇಷ್ಟ್ರು ನಗಲಿಲ್ಲ. ಕಾರ್ಡು ತುಂಬುತ್ತಿದ್ದರು. ತಡವಾದುದಕ್ಕೆ ಕಾರಣ ಬರೆಯಲು ಕಾರ್ಡಿನಲ್ಲಿ ಒಂದು ಚೌಕ. ಅದರಲ್ಲಿ ಒಂದು ಅಂಕಿ ಬರೆಯಬೇಕು: ಒಂದು ಅಂದರೆ ಯಂತ್ರದ ದೋಷ, ಎರಡು ಅಂದರೆ ಬಟ್ಟೆಯ ದೋಷ, ಮೂರು ಅಂದರೆ ಕೆಲಸಗಾರರ ದೋಷ. ಯಂತ್ರ ಸರಿಯಾಗಿತ್ತು. ಬಟ್ಟೆ ಸರಿಯಾಗಿತ್ತು. ಅವರು ಮೂರು ಎಂದು ಬರೆದರು. ಏಳನೇ ಮೇಜಿಗೆ ಹನ್ನೊಂದು ತಿಂಗಳಿಂದ ಅದೇ ಅಂಕಿ ಬರೆಯುತ್ತಿದ್ದರು. ಈ ತಿಂಗಳ ಮೂರನೇ ತಾರೀಖು ಇನ್ನೊಂದು ಹಾಳೆಗೂ ಸಹಿ ಹಾಕಿದ್ದರು. ಮೂವತ್ತೊಂದರಿಂದ ಏಳನೇ ಮೇಜಿಗೆ ಬೇರೆಯವರನ್ನು ನೋಡಿಕೊಳ್ಳಬಹುದು ಎಂಬ ಶಿಫಾರಸು ಅದು. ದೊಡ್ಡಕ್ಕನಿಗೆ ಇನ್ನೂ ಯಾರೂ ಹೇಳಿರಲಿಲ್ಲ.

ಪೆನ್ನಿನ ಮುಚ್ಚಳ ಹಾಕುವಾಗ ಅವರ ಮೂಗಿಗೆ ಏನೋ ಸುಟ್ಟ ವಾಸನೆ ಬಂತು. ಇಸ್ತ್ರಿಪೆಟ್ಟಿಗೆ ಅದರ ಜಾಗದಲ್ಲೇ ಇತ್ತು. ವಾಸನೆ ಕೆಳಗಿನಿಂದ ಬರುತ್ತಿತ್ತು. ಮೇಜಿನ ಬಲಬದಿಯಲ್ಲಿ ಹಬೆಯ ಕೊಳವೆಯ ಹೊದಿಕೆ ಅಂಗೈಯಗಲ ಹರಿದಿತ್ತು. ದೊಡ್ಡಕ್ಕನ ಬಲಗಾಲು ಆ ಬರಿಯ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಅವರು ಮುಂದಿನ ಶರ್ಟು ಹರಡುತ್ತಿದ್ದರು.

"ದೊಡ್ಡಕ್ಕಾ, ಕಾಲು! ಕಾಲು ತೆಗೀರಿ!"

ಅವರು ಕೆಳಗೆ ನೋಡಿದರು. ಕಾಲು ಹಿಂದಕ್ಕೆ ತೆಗೆದರು, ಅವಸರವಿಲ್ಲದೆ. ಮಾತಿನಮಲ್ಲಿ ಓಡಿಬಂದು ಬಟ್ಟೆ ಸರಿಸಿ ನೋಡಿ ಬಾಯಿ ಮುಚ್ಚಿಕೊಂಡಳು. ಮೊಣಕಾಲಿನ ಕೆಳಗೆ ಚರ್ಮ ಬೆಳ್ಳಗಾಗಿ ಸುಲಿದಿತ್ತು.

"ಅಯ್ಯೋ ಶಿವನೇ, ಉರೀತಿಲ್ವಾ ನಿಂಗೆ?"

"ಇಲ್ಲ ಕಣೇ" ಎಂದರು ದೊಡ್ಡಕ್ಕ. ಅವರ ಮುಖದಲ್ಲಿ ನೋವಿರಲಿಲ್ಲ, ಆಶ್ಚರ್ಯವಿತ್ತು. "ಮುಟ್ಟಿದ್ದು ಗೊತ್ತಾಗುತ್ತೆ. ಬಿಸಿ ಮಾತ್ರ ಗೊತ್ತಾಗಲ್ಲ. ಸ್ನಾನಕ್ಕೆ ನೀರು ಹಾಕ್ಕೊಂಡ್ರೂ ಹಾಗೇನೆ, ಈ ಕಾಲಿಗೆ ಬಿಸಿನೀರೂ ಒಂದೇ, ತಣ್ಣೀರೂ ಒಂದೇ. ವಯಸ್ಸು ಅಂದ್ಕೊಂಡಿದ್ದೆ."

ನಲ್ಲಿಯ ತಣ್ಣೀರು ಧಾರೆಯಾಗಿ ಕಾಲಿನ ಮೇಲೆ ಬೀಳುತ್ತಿದ್ದಾಗ ಮೇಷ್ಟ್ರು ಕೇಳಿದರು: "ನೀವು ಎಳೆಯೋದು ಎಡಗಾಲಲ್ವಾ?"

"ಹೌದು. ಈ ಬಲಗಾಲಿಗೇನೂ ಆಗಿಲ್ಲ, ಗಟ್ಟಿಯಾಗೇ ಇದೆ."

ಒಂದು ಕಾಲಿಗೆ ಶಕ್ತಿ ಇಲ್ಲ. ಶಕ್ತಿ ಇರುವ ಕಾಲಿಗೆ ಬಿಸಿ ತಿಳಿಯದು. ವಯಸ್ಸಾದರೆ ಎರಡು ಕಾಲಿಗೂ ಒಂದೇ ತರಹ ಆಗಬೇಕಲ್ಲ! ಇದು ಮೂರು ಎಂದು ಬರೆದು ಮುಗಿಸುವ ಸಂಗತಿಯಲ್ಲ ಎಂಬಷ್ಟು ಮೇಷ್ಟ್ರಿಗೆ ಗೊತ್ತಾಯಿತು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಕಪಾಟಿನಿಂದ ಏಳನೇ ಮೇಜಿನ ಕಾರ್ಡುಗಳನ್ನು ತೆಗೆದರು. ತಿಂಗಳಿಗೊಂದರಂತೆ ಹದಿನೈದು. ಪ್ರತಿ ಕಾರ್ಡಿನಲ್ಲೂ ಮೂರು ಅಂಕಣ: ಹರಡುವುದು, ಒತ್ತುವುದು, ಸಾಗಿಸುವುದು. ಕೊನೆಯಲ್ಲಿ ಮೊತ್ತ. ಅವರು ಎಲ್ಲವನ್ನೂ ಅರ್ಧ ಸೆಕೆಂಡೂ ತಪ್ಪದಂತೆ ಬರೆದಿದ್ದರು, ಆದರೆ ಓದಿದ್ದು ಮೊತ್ತವನ್ನು ಮಾತ್ರ. ಕಚೇರಿ ಕೇಳುತ್ತಿದ್ದುದೂ ಅಷ್ಟನ್ನೇ.

ಈಗ ಅಂಕಣಗಳನ್ನು ಬೇರೆಬೇರೆಯಾಗಿ ಓದಿದರು. ಹೋದ ವರ್ಷ ಜನವರಿಯಲ್ಲಿ ಮೂವತ್ತನಾಲ್ಕು, ಮೂವತ್ತೆಂಟು, ಹದಿನೆಂಟು. ಇವತ್ತು ಮೂವತ್ತನಾಲ್ಕು, ಐವತ್ತೇಳು, ನಲವತ್ತೊಂದು. ಬಟ್ಟೆ ಹರಡುವ ಕೈಗಳು ಹದಿನೈದು ತಿಂಗಳಲ್ಲಿ ಒಂದು ಸೆಕೆಂಡೂ ಸೋತಿರಲಿಲ್ಲ. ಸೋತದ್ದು ಪೆಡಲ್ ಒತ್ತುವ ಕಾಲು, ಕಂಬಿಯವರೆಗೆ ನಡೆಯುವ ಕಾಲು. ಸೋಮಾರಿತನ ಬಂದರೆ ಕೈಗೂ ಬರಬೇಕಲ್ಲ. ಅದಕ್ಕಿಂತಲೂ ಮೇಷ್ಟ್ರನ್ನು ಹೆದರಿಸಿದ್ದು ಇನ್ನೊಂದು. ಮೊದಲ ವರ್ಷವಿಡೀ ತಿಂಗಳಿಗೆ ಸುಮಾರು ಎರಡು ಸೆಕೆಂಡಿನಂತೆ ಏರಿದ ಮೊತ್ತ ಫೆಬ್ರವರಿಯಲ್ಲಿ ಒಂಬತ್ತು, ಮಾರ್ಚಿನಲ್ಲಿ ಹನ್ನೊಂದು ಸೆಕೆಂಡು ಜಿಗಿದಿತ್ತು.

ಡಬ್ಬಿಯನ್ನು ಹಾಗೆಯೇ ಚೀಲಕ್ಕೆ ಹಾಕಿದರು. ಕಾರ್ಡುಗಳನ್ನೂ ಅದೇ ಚೀಲಕ್ಕೆ ಸೇರಿಸಿದರು.

*

ಗುರುವಾರ ದೊಡ್ಡ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗದ ಬೆಂಚಿನ ಮೇಲೆ ಮೂವರು ಕುಳಿತಿದ್ದರು. ದೊಡ್ಡಕ್ಕ, ಅವರ ಗಂಡ, ಮೇಷ್ಟ್ರು. ಸುಟ್ಟಗಾಯಕ್ಕೆ ಪಟ್ಟಿ ಕಟ್ಟಿದ ಡಾಕ್ಟರು ಇಲ್ಲಿಗೆ ಚೀಟಿ ಬರೆದುಕೊಟ್ಟಿದ್ದರು. ಗಂಡ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಮಡಿಲಲ್ಲಿ ಒಂದು ದಪ್ಪ ಕವರು.

"ಎರಡು ವರ್ಷದ ಕಸರತ್ತು ಇದು" ಎಂದು ಅವರು ಕವರು ತಟ್ಟಿದರು. "ಮೊದಲು ಮಂಡಿ ಅಂದ್ರು, ಇಂಜೆಕ್ಷನ್ ಚುಚ್ಚಿದ್ರು. ಆಮೇಲೆ ತೂಕ ಅಂದ್ರು. ಆಮೇಲೆ ಸೊಂಟದ ಸವೆತ ಅಂತ ಸ್ಕ್ಯಾನು, ಬೆಲ್ಟು. ಕೊನೆಗೆ ಒಬ್ರು, ಮನಸ್ಸಿಗೆ ಹಚ್ಕೊಂಡಿದಾರೆ, ಖುಷಿಯಾಗಿರೋಕೆ ಹೇಳಿ ಅಂದ್ರು. ನಾನೂ ಹೇಳ್ದೆ, ಖುಷಿಯಾಗಿರು ಅಂತ."

"ಗದರಿಸಿ ಹೇಳಿದ್ರಿ" ಎಂದರು ದೊಡ್ಡಕ್ಕ.

ಡಾಕ್ಟರಮ್ಮ ಮೊದಲು ಸ್ಕ್ಯಾನು ನೋಡಲಿಲ್ಲ. ದೊಡ್ಡಕ್ಕನನ್ನು ನಡೆಸಿ ನೋಡಿದರು. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಎಡಗಾಲು ಬೆಚ್ಚಿದಂತೆ ಚಿಮ್ಮಿತು. ಅಂಗಾಲನ್ನು ಕೀಲಿಯಿಂದ ಗೀರಿದಾಗ ಹೆಬ್ಬೆರಳು ಮಡಚಿಕೊಳ್ಳುವ ಬದಲು ಮೇಲಕ್ಕೆದ್ದಿತು. ಆಮೇಲೆ ತಣ್ಣನೆಯ ಉಕ್ಕಿನ ತುಂಡೊಂದನ್ನು ಬಲಪಾದದಿಂದ ಮೇಲಕ್ಕೆ ಇಂಚಿಂಚಾಗಿ ಒತ್ತುತ್ತ ಬಂದರು.

"ತಣ್ಣಗಿದೆಯಾ?"

"ಇಲ್ಲ." ಮಂಡಿ. "ಇಲ್ಲ." ಸೊಂಟ. "ಇಲ್ಲ." ಹೊಟ್ಟೆ. "ಇಲ್ಲ." ಪಕ್ಕೆಲುಬು ಮುಟ್ಟಿದಾಗ ದೊಡ್ಡಕ್ಕ ಬೆಚ್ಚಿದರು. "ಹಾಂ, ಈಗ ಕೊರೀತು!"

ಡಾಕ್ಟರಮ್ಮ ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದರು. "ಬೆನ್ನಲ್ಲಿ ನೋವಿದೆಯಾ? ಈ ಎತ್ತರದಲ್ಲಿ?"

"ರಾತ್ರಿ ಮಲಗಿದ್ರೆ ಜಾಸ್ತಿ. ಎದೆ ಸುತ್ತ ಪಟ್ಟಿ ಬಿಗಿದ ಹಾಗಾಗುತ್ತೆ. ಎದ್ದು ಕೂತ್ರೆ ಕಮ್ಮಿ. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

"ಸೊಂಟದ ಸ್ಕ್ಯಾನಲ್ಲಿ ಸವೆತ ಇದೆ, ನಿಜ. ನನ್ನ ಸೊಂಟದ್ದು ತೆಗೆದ್ರೂ ಇರುತ್ತೆ" ಎಂದರು ಡಾಕ್ಟರಮ್ಮ. "ಆದ್ರೆ ತೊಂದರೆ ಇರೋದು ಅದಕ್ಕಿಂತ ಒಂದೂವರೆ ಗೇಣು ಮೇಲೆ. ಆ ಜಾಗದ ಚಿತ್ರ ಯಾರೂ ತೆಗೆದಿಲ್ಲ."

ಮರುದಿನ ತೆಗೆದರು. ಬೆನ್ನಿನ ನಡುವೆ, ಎಡಬದಿಯಲ್ಲಿ, ಬೆನ್ನುಹುರಿಯ ಹೊದಿಕೆಯಿಂದ ಬೆಳೆದ ಒಂದು ಗಡ್ಡೆ. ಉದ್ದ ಹತ್ತೊಂಬತ್ತು ಮಿಲಿಮೀಟರ್. ಪರದೆಯ ಮೇಲೆ ಅದು ನುಣುಪಾದ ಬಿಳಿಯ ಬೀಜದಂತೆ ಕಾಣುತ್ತಿತ್ತು. ಅದರ ಪಕ್ಕದಲ್ಲಿ ಬೆನ್ನುಹುರಿ ಬಾಗಿ, ರಿಬ್ಬನ್ನಿನಷ್ಟು ತೆಳ್ಳಗಾಗಿತ್ತು.

"ಕ್ಯಾನ್ಸರಾ?" ಎಂದು ಗಂಡ ಕೇಳಿದರು.

"ಚಿತ್ರ ನೋಡಿದ್ರೆ ಅಲ್ಲ ಅನ್ಸುತ್ತೆ. ತೆಗೆದ ಮೇಲೆ ಪರೀಕ್ಷೆ ಮಾಡಿ ಖಾತ್ರಿ ಹೇಳ್ತೀವಿ. ಇಂಥದ್ದು ಬೇರೆ ಕಡೆ ಹರಡಲ್ಲ, ನಿಧಾನವಾಗಿ ಬೆಳೆಯುತ್ತೆ. ಆದ್ರೆ ಅಲ್ಲಿ ಜಾಗ ಎಷ್ಟಿದೆ ಹೇಳಿ? ನಿಮ್ಮ ಹೆಬ್ಬೆರಳಿನ ಅಗಲದ ಕೊಳವೆ ಅದು. ಕಾಲು ಎತ್ತು ಅನ್ನೋ ಅಪ್ಪಣೆ ಎಡಗಾಲಿಗೆ ಎಡಗಡೆಯಿಂದಲೇ ಇಳಿಯುತ್ತೆ, ಅದು ಒತ್ತಿಹೋಗಿದೆ. ಬಿಸಿ, ತಣ್ಣಗೆ ಅನ್ನೋ ಸುದ್ದಿ ಬಲಗಾಲಿಂದ ಬಂದು, ಹುರಿಯೊಳಗೆ ದಾಟಿ, ಎಡಗಡೆಯಿಂದ ಮೇಲೆ ಹೋಗುತ್ತೆ. ಅದೂ ಒತ್ತಿಹೋಗಿದೆ. ಅದಕ್ಕೇ ಒಂದು ಕಾಲು ಸೋತಿದ್ದು, ಇನ್ನೊಂದು ಸುಟ್ಟಿದ್ದು. ಮೂಳೆ ಸ್ವಲ್ಪ ತೆಗೆದು ಗಡ್ಡೆ ಬಿಡಿಸಬೇಕು. ಬೇರೆ ದಾರಿ ಇಲ್ಲ."

ದೊಡ್ಡಕ್ಕ ಬೆರಳಲ್ಲಿ ತಿಂಗಳು ಎಣಿಸಿದರು.

"ಜೂನಲ್ಲಿ ಮಗಳ ಹೆರಿಗೆ. ಅದು ಮುಗೀಲಿ. ಇಷ್ಟು ದಿನ ಎಳ್ದಿದೀನಿ, ಇನ್ನು ನಾಲ್ಕು ತಿಂಗಳು ಎಳೀತೀನಿ."

"ನಾನಂತೂ ಬೇಡ ಅಂತೀನಿ" ಎಂದರು ಗಂಡ. "ಬೆನ್ನಿಗೆ ಕತ್ತಿ ತಾಗಿದ್ರೆ ಮುಗೀತು ಡಾಕ್ಟ್ರೇ. ನಮ್ಮ ಡಿಪೋದಲ್ಲಿ ಒಬ್ಬ ಇದ್ದ. ಆಪರೇಷನ್ನಿಗೆ ಅಂತ ಹೋದ, ಆಮೇಲೆ ಕಾಲು ನೆಲಕ್ಕೆ ಊರಲೇ ಇಲ್ಲ."

"ಹೋಗುವಾಗ ಅವರು ನಡೀತಿದ್ರಾ?"

"ಹೂಂ. ಇಲ್ಲ..." ಅವರು ನೆನಪು ಮಾಡಿಕೊಂಡರು. "ನಾನೇ ಒಂದು ಕಡೆ ಹಿಡ್ಕೊಂಡಿದ್ದೆ. ಹೊತ್ಕೊಂಡೇ ಬಸ್ಸಿಂದ ಇಳಿಸಿದ್ವಿ."

"ಹಾಗಾದ್ರೆ ಆಪರೇಷನ್ನಿಗೆ ಮುಂಚೆನೇ ಕಾಲು ಹೋಗಿತ್ತು" ಎಂದರು ಡಾಕ್ಟರಮ್ಮ ಮೆಲ್ಲಗೆ. "ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಮೊದಲ ಕೆಲವು ದಿನ ಕಾಲು ಈಗಿಂತ ಸೋಲಬಹುದು. ಎಲ್ಲಾ ಶಕ್ತಿನೂ ವಾಪಸ್ ಬರದೇ ಇರಬಹುದು. ಆದ್ರೆ ನಡೆಯೋರನ್ನ ಟೇಬಲ್ ಮೇಲೆ ಮಲಗಿಸಿದ್ರೆ ನಡೆಯೋ ಸಾಧ್ಯತೆ ಬಹಳ ಜಾಸ್ತಿ. ಕಾಲು ಪೂರ್ತಿ ಸೋತ ಮೇಲೆ ಬಂದ್ರೆ ನನ್ನ ಕೈಯಲ್ಲೂ ಹೆಚ್ಚೇನಿರಲ್ಲ. ನಾಲ್ಕು ತಿಂಗಳು ಇದು ಕಾಯುತ್ತೋ ಇಲ್ಲವೋ, ಅದು ಹೇಗೆ ಬೆಳೀತಿದೆ ಅನ್ನೋದರ ಮೇಲಿದೆ. ಎಷ್ಟು ದಿನದಿಂದ, ಯಾವ ವೇಗದಲ್ಲಿ ಅಂತ ಸರಿಯಾಗಿ ಹೇಳೋರು ಯಾರೂ ಇಲ್ಲ."

ಮೇಷ್ಟ್ರು ಚೀಲ ತೆರೆದರು. ಹದಿನೈದು ಕಾರ್ಡುಗಳನ್ನು ತಿಂಗಳ ಕ್ರಮದಲ್ಲಿ ಮೇಜಿನ ಮೇಲೆ ಜೋಡಿಸಿದರು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೇ ಓದಿದರು. ಕೊನೆಯ ಎರಡು ಕಾರ್ಡುಗಳ ಮೇಲೆ ಅವರ ಬೆರಳು ನಿಂತಿತು.

"ಇದನ್ನ ಯಾರು ಅಳೆದದ್ದು?"

"ನಾನೇ."

"ಇಷ್ಟು ಚೆನ್ನಾಗಿ ಬರೆದಿಟ್ಟ ಕಾಯಿಲೆಯ ಕಥೆಯನ್ನ ನಾನು ನೋಡಿಲ್ಲ." ಅವರು ಕಾರ್ಡು ತಿರುಗಿಸಿ ಗಂಡನ ಕಡೆ ಇಟ್ಟರು. "ನೋಡಿ. ಒಂದು ವರ್ಷ ನಿಧಾನ. ಎರಡು ತಿಂಗಳಿಂದ ಹೀಗೆ. ಜೂನಿನ ತನಕ ಕಾಯೋಕೆ ಇದು ಬಿಡಲ್ಲ."

ಗಂಡ ಅಂಕಿಗಳನ್ನು ನೋಡಿದರು. ಟ್ರಿಪ್ಪಿನ ಸಮಯ, ತಡವಾದ ನಿಮಿಷ ಇವುಗಳಲ್ಲೇ ಬದುಕು ಕಳೆದ ಮನುಷ್ಯನಿಗೆ ಅದನ್ನು ಓದಲು ಕಷ್ಟವಾಗಲಿಲ್ಲ.

"ಬ್ರೇಕು ಹಿಡ್ಕೊಂಡಿದ್ರೆ ಗಾಡಿ ಹೀಗೇ ಓಡೋದು" ಎಂದರು. "ಮೊದಲು ದಿನಕ್ಕೆ ಎರಡು ನಿಮಿಷ ತಡ, ಆಮೇಲೆ ಐದು. ಡಿಪೋದೋರು ಡ್ರೈವರಿಗೆ ಬೈತಾರೆ. ಇಳಿದು ಚಕ್ರ ಮುಟ್ಟಿ, ಕಾದಿದೆಯಾ ಅಂತ ಒಬ್ಬ ನೋಡಿದ್ರೆ ಸಾಕು. ಯಾರೂ ನೋಡಲ್ಲ." ಅವರು ಕಾರ್ಡಿನ ಕೊನೆಯ ಚೌಕಕ್ಕೆ ಬೆರಳಿಟ್ಟರು. "ಇದೇನು ಇಷ್ಟೊಂದು ಕಡೆ ಮೂರು?"

ಮೇಷ್ಟ್ರು ಉತ್ತರವನ್ನು ಎರಡು ದಿನದಿಂದ ಸಿದ್ಧಮಾಡಿಕೊಂಡಿದ್ದರು. "ಕೆಲಸಗಾರರ ದೋಷ ಅಂತ. ಬರೆದವನು ನಾನೇ. ಈ ತಿಂಗಳ ಕೊನೆಗೆ ನಿಮ್ಮನ್ನ ತೆಗೆಯಬಹುದು ಅಂತ ಸಹಿ ಹಾಕಿದವನೂ ನಾನೇ, ದೊಡ್ಡಕ್ಕ."

ಗಂಡ ಕಾರ್ಡನ್ನು ಆಚೆ ದೂಡಿದರು. ದೊಡ್ಡಕ್ಕ ಮಾತ್ರ ಕಾರ್ಡುಗಳನ್ನೇ ನೋಡುತ್ತಿದ್ದರು.

"ಗೊತ್ತಿತ್ತು ಬಿಡಿ ಮೇಷ್ಟ್ರೇ" ಎಂದರು. ಧ್ವನಿಯಲ್ಲಿ ಸಿಟ್ಟಿಗೂ ಶಕ್ತಿ ಉಳಿದಿರಲಿಲ್ಲ. "ನೀವು ತಿಂಗಳಿಗೊಂದು ಸಲ ಬರೀತಿದ್ರಿ. ನಾನು ದಿನಾ ನಂಗೆ ಅದನ್ನೇ ಬರ್ಕೊಳ್ತಿದ್ದೆ. ಮೈಗಳ್ಳಿ ಆಗ್ಬಿಟ್ಟೆ ಅಂತ. ಬೆಳಿಗ್ಗೆ ಎದ್ದು ಈ ಕಾಲಿಗೆ ಬೈದು, ಬೈದು..." ಅವರು ಎಡ ತೊಡೆಯ ಮೇಲೆ ಅಂಗೈ ಇಟ್ಟರು. "ಪಾಪ, ಇದರದ್ದೇನೂ ತಪ್ಪಿರಲಿಲ್ಲ."

ಗಂಡ ಎದ್ದು ಕಿಟಕಿಯ ಹತ್ತಿರ ಹೋದರು. ಅಲ್ಲಿಂದಲೇ, ತಿರುಗಿ ನೋಡದೆ, ಕೇಳಿದರು: "ಯಾವತ್ತು ಕರ್ಕೊಂಡು ಬರ್ಲಿ, ಡಾಕ್ಟ್ರೇ?"

*

ಮ್ಯಾನೇಜರು ಕೆಟ್ಟ ಮನುಷ್ಯರಲ್ಲ. ಮೇಷ್ಟ್ರು ಹೇಳಿದ್ದನ್ನೆಲ್ಲ ಕೇಳಿ ಹಣೆ ಉಜ್ಜಿಕೊಂಡರು.

"ನಾನೇನು ರಾಕ್ಷಸನೇನ್ರೀ? ಅಮ್ಮನ ವಯಸ್ಸು ಅವರದ್ದು. ಆದ್ರೆ ನಾನು ಮೇಲಿನೋರಿಗೆ ಏನು ತೋರಿಸ್ಲಿ? ನಲವತ್ತು ಮೇಜು, ನಲವತ್ತು ಕಥೆ. ಒಬ್ಬೊಬ್ಬರದ್ದೂ ಕೇಳ್ತಾ ಕೂತ್ರೆ ಬಟ್ಟೆ ಹೊರಗೆ ಹೋಗಲ್ಲ. ಅದಕ್ಕೇ ಅಂಕಿ ಇರೋದು. ನೀವೇ ಮೂರು ಅಂತ ಬರೆದಿದೀರಿ, ನೀವೇ ಸಹಿ ಹಾಕಿದೀರಿ."

"ಆ ಹಾಳೆ ವಾಪಸ್ ಕೊಡಿ."

"ಕೊಡೋಕೆ ಬರಲ್ಲ. ತಪ್ಪಾಗಿದೆ ಅಂತ ಬರೆದು ಕೊಡಿ. ತಪ್ಪು ಯಾರದ್ದು ಅನ್ನೋದನ್ನೂ ಬರೀರಿ. ಆಮೇಲೆ ನಿಮ್ಮ ಬೇರೆ ಕಾರ್ಡುಗಳನ್ನೂ ಯಾರಾದ್ರೂ ಪ್ರಶ್ನೆ ಮಾಡಿದ್ರೆ ನನ್ನ ಕೇಳ್ಬೇಡಿ."

ಮೇಷ್ಟ್ರು ಅಲ್ಲೇ ನಿಂತು ಬರೆದರು. ಅಳತೆ ಸರಿಯಾಗಿದೆ; ಅರ್ಥ ಮಾಡಿದ್ದು ತಪ್ಪು; ಅರ್ಥ ಮಾಡಿದವನು ನಾನು. ಮ್ಯಾನೇಜರು ಎರಡು ಸಲ ಓದಿ, ದೊಡ್ಡಕ್ಕನಿಗೆ ಆರು ತಿಂಗಳ ಸಂಬಳವಿಲ್ಲದ ರಜೆ ಎಂದು ಅಂಚಿನಲ್ಲಿ ಗೀಚಿದರು. ಅದಕ್ಕಿಂತ ಹೆಚ್ಚು ಅವರ ಕೈಯಲ್ಲೂ ಇರಲಿಲ್ಲ.

ಮಾರ್ಚ್ ಇಪ್ಪತ್ತು, ಗುರುವಾರ, ಶಸ್ತ್ರಚಿಕಿತ್ಸೆ. ಹಿಂದಿನ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ದೊಡ್ಡಕ್ಕನನ್ನು ಹತ್ತು ಮೀಟರ್ ನಡೆಸಿ ಅಳೆದಿದ್ದರು. ಗೋಡೆ ಹಿಡಿದುಕೊಂಡು ಮೂವತ್ತನಾಲ್ಕು ಪಾಯಿಂಟ್ ಎಂಟು ಸೆಕೆಂಡು. ಒಳಗೆ ಹೋದದ್ದು ಬೆಳಿಗ್ಗೆ ಎಂಟಕ್ಕೆ, ಹೊರಗೆ ಬಂದದ್ದು ಒಂದೂವರೆಗೆ. ಸೂಕ್ಷ್ಮದರ್ಶಕದ ಕೆಳಗೆ ಹೊದಿಕೆಯನ್ನು ಸೀಳಿ, ಗಡ್ಡೆಯನ್ನು ಚೂರುಚೂರಾಗಿ ಬಿಡಿಸಿ, ಅದು ಅಂಟಿದ್ದ ಬುಡವನ್ನು ಸುಟ್ಟು ತೆಗೆದಿದ್ದರು. ಹತ್ತು ದಿನದ ಮೇಲೆ ಪರೀಕ್ಷೆಯ ವರದಿ ಬಂತು. ಕ್ಯಾನ್ಸರ್ ಅಲ್ಲ. ಗಂಡ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಒಗೆಯಲು ಹಾಕುವಾಗ ಮಾತ್ರ ತೆಗೆಯುತ್ತಿದ್ದರು.

ಆದರೆ ದಿನಗಳು ಹಗುರವಾಗಲಿಲ್ಲ. ಮೊದಲ ವಾರ ಎಡಗಾಲು ಡಾಕ್ಟರಮ್ಮ ಹೇಳಿದ್ದಂತೆಯೇ ಇನ್ನಷ್ಟು ಸೋತಿತು. ದೊಡ್ಡಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಎರಡನೇ ವಾರ ಬೆರಳು ಆಡಿತು, ಮೂರನೇ ವಾರ ಹಿಮ್ಮಡಿ ಎದ್ದಿತು. ಮಗಳು ತುಂಬು ಬಸುರಿಯಾಗಿ ಬಂದು ತಾಯಿಯ ಪಕ್ಕದಲ್ಲಿ ಕೂತಳು. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಲಾಗುತ್ತಿರಲಿಲ್ಲ. ಗಂಡ ದಿನಕ್ಕೆ ಎರಡು ಸಲ ವ್ಯಾಯಾಮ ಮಾಡಿಸಿದರು. ಈಗ ಗದರಿಸುತ್ತಿರಲಿಲ್ಲ, ಎಣಿಸುತ್ತಿದ್ದರು. ಒಂದು ದಿನ ಸ್ನಾನದ ಮನೆಯಿಂದ ದೊಡ್ಡಕ್ಕ ಕೂಗಿದರು: "ರೀ, ಬಿಸೀರೀ! ಸುಡುತ್ತೆ!" ಅವರು ಓಡಿಹೋಗಿ, ಬಾಗಿಲ ಹೊರಗೇ ನಿಂತು, ಅತ್ತರು.

ಕಾರ್ಖಾನೆಯಲ್ಲಿ ಹೊದಿಕೆ ಹರಿದ ಕೊಳವೆಗೆ ಹೊಸ ಹೊದಿಕೆ ಬಂತು. ಕಾರ್ಡಿನ ಚೌಕಕ್ಕೆ ಮಾತ್ರ ಒಂದು, ಎರಡು, ಮೂರು ಅಷ್ಟೇ ಉಳಿದವು. ಹೊಸದಾಗಿ ಅಚ್ಚು ಹಾಕಿಸಲು ಕಚೇರಿ ಒಪ್ಪಲಿಲ್ಲ. ಮೇಷ್ಟ್ರು ಚೌಕದ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆಯತೊಡಗಿದರು. 'ಭುಜ ನೋವು, ಕೇಳಿದೆ.' 'ಮಗುವಿಗೆ ಜ್ವರ, ನಿದ್ದೆಯಿಲ್ಲ.' 'ಹೇಳಲು ಇಷ್ಟವಿಲ್ಲವಂತೆ.' ವಾಚ್ ಒತ್ತುವ ಮೊದಲು ಮೇಜಿನ ಎದುರಿಗೆ ಬಂದು ನಿಲ್ಲುತ್ತಿದ್ದರು.

"ಮೇಷ್ಟ್ರು ಈಗ ಮುಖ ತೋರಿಸ್ತಾರೆ ಕಣ್ರೇ" ಎಂದು ಮಾತಿನಮಲ್ಲಿ ಹೇಳಿದಳು. "ಮೊದಲೇ ಚೆನ್ನಾಗಿತ್ತು!" ನಕ್ಕವರಲ್ಲಿ ಮೇಷ್ಟ್ರೂ ಇದ್ದರು. ಅವರೆಲ್ಲರ ದಣಿವು ಹಾಗೆಯೇ ಇತ್ತು. ಈಗ ಅದು ಎಲ್ಲಿಂದ ಬರುತ್ತದೆ ಎಂದು ಮೇಷ್ಟ್ರಿಗೆ ಗೊತ್ತಿತ್ತು, ಅಷ್ಟೇ.

ಮೇ ಆರರ ಮಂಗಳವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಮತ್ತೆ ಅಳತೆ. ಮೇಷ್ಟ್ರು ನೋಡಿಹೋಗಲು ಬಂದಿದ್ದರು. ನರ್ಸು ಗಡಿಯಾರ ಹುಡುಕುತ್ತಿದ್ದಾಗ ದೊಡ್ಡಕ್ಕ ಹೇಳಿದರು: "ಅದ್ಯಾಕೆ? ನಮ್ಮ ಮೇಷ್ಟ್ರಿದಾರಲ್ಲ."

"ಬೇಡ ದೊಡ್ಡಕ್ಕ."

"ಬರೀರಿ ಮೇಷ್ಟ್ರೇ. ಅಷ್ಟೆಲ್ಲ ಬರೆದಿದೀರಿ, ಇದನ್ನ ಯಾಕೆ ಬಿಡ್ತೀರಿ?"

ಅವರು ನೆಲದ ಮೇಲಿನ ಎರಡನೇ ಗೆರೆಯ ಹತ್ತಿರ, ಎದುರಿಗೆ, ಹೋಗಿ ನಿಂತರು. ಜೇಬಿನಿಂದ ಸ್ಟಾಪ್‌ವಾಚ್ ತೆಗೆದರು. "ಒತ್ತಲಾ?" ಎಂದು ಕೇಳಿದರು. ದೊಡ್ಡಕ್ಕ ತಲೆಯಾಡಿಸಿದರು. ಗಂಡ ಪಕ್ಕದಲ್ಲೇ ನಡೆದರು, ಕೈ ಚಾಚಿ, ಮುಟ್ಟದೆ. ಎಡಗಾಲು ಇನ್ನೂ ಸ್ವಲ್ಪ ಹೊರಕ್ಕೆ ತಿರುಗುತ್ತಿತ್ತು. ಆದರೆ ಚಪ್ಪಲಿಯ ಸದ್ದು ಬೇರೆಯಾಗಿತ್ತು. ಉಜ್ಜುತ್ತಿರಲಿಲ್ಲ, ಒಂದೊಂದಾಗಿ ಬೀಳುತ್ತಿತ್ತು. ಅವರು ಗೋಡೆಯ ಕಡೆ ಒಮ್ಮೆಯೂ ಕೈ ಚಾಚಲಿಲ್ಲ.

ಗೆರೆ ದಾಟಿದಾಗ ಮೇಷ್ಟ್ರು ವಾಚ್ ನಿಲ್ಲಿಸಿ, ಅದನ್ನು ತಿರುಗಿಸಿ ಮೊದಲು ದೊಡ್ಡಕ್ಕನಿಗೆ ತೋರಿಸಿದರು. ಆಮೇಲೆ ಬರೆದುಕೊಂಡರು.

ಹತ್ತು ಮೀಟರ್, ೧೯.೪ ಸೆಕೆಂಡು.